ಮೊಟ್ಟೆಯಿಟ್ಟು ಮರೆತ ಜುಟ್ಟಿನ ಹಲ್ಲಿಯವರ ಸನ್ನಿಧಿಗೆ

ಗೆ,
ಶ್ರೀಮತಿ ಜುಟ್ಟಿನ ಹಲ್ಲಿಯವರು,
ಗಾಜಿನ ತೊಟ್ಟಿ, ಮೇಲಿನ ಎಡಮೂಲೆ,
ನಮ್ಮ ಮನೆಯ ನಡುಮನೆ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ.

೧೨ ಆಗಸ್ಟ್ ೨೦೦೭, ಭಾನುವಾರ

ವಿಷಯ: ತಾವು ಮೊಟ್ಟೆಯಿಟ್ಟು ತಿರುಗಿಯೂ ನೋಡದಿರುವುದು ಮತ್ತು ಅದರಿಂದ ಯಲ್ಲದಕೆರೆಯಲ್ಲಿ ಉಂಟಾದ ಪರಿಸ್ಥಿತಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಾ ಎಂದು ಕೇಳುವ ಅಗತ್ಯವಿಲ್ಲ. ಈಗಷ್ಟೇ ನೋಡಿಕೊಂಡು ಬಂದೆ. ಎಂದಿನಂತೆ ಗಾಜಿಗೆ ನಾಲ್ಕೂ ಪಾದ ಊರಿ, ನಮ್ಮ ನಡುಮನೆಗೆ ತಮ್ಮ ತೆಳುಹಳದಿ ಹೊಟ್ಟೆಯ ದರ್ಶನ ಕೊಡುತ್ತ, ಯಾವ ಚಿಂತೆಯೂ ಇಲ್ಲದೆ ವಿಶ್ರಮಿಸುತ್ತಿದ್ದೀರಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ, ನಲವತ್ನಾಲ್ಕು ದಾಟಿದ ಹೆಂಗಸೊಬ್ಬಳು ಹಲ್ಲಿಗೆ ಪತ್ರ ಬರೆಯುವುದು ಎಷ್ಟರಮಟ್ಟಿಗೆ ಸರಿ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ನನ್ನ ಪರವಾಗಿ ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಅದೂ ಬಹಿರಂಗವಾಗಿ. ಏಕೆಂದರೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಖಾಸಗಿಯಾಗಿ ನಾಲ್ಕು ಸಲ ವಿನಂತಿಸಿಕೊಂಡಾಗಲೂ ತಾವು ಒಂದು ಜೀರುಂಡೆಯನ್ನು ಅಗಿಯುತ್ತ ಆಲಿಸಿದಿರಿ, ಅದನ್ನು ನುಂಗಿದಿರಿ, ಆಮೇಲೆ ಎಲೆಯ ಮರೆಗೆ ಹೊರಟುಹೋದಿರಿ.

ತಮ್ಮ ವಂಶದ ಹಿರಿಮೆಯನ್ನು ನಾನು ಬಲ್ಲೆ. ಪೆಸಿಫಿಕ್ ಸಾಗರದ ನಡುವಿನ ಯಾವುದೋ ದ್ವೀಪದಿಂದ ಬಂದ ಕುಲ ತಮ್ಮದು. ನೆತ್ತಿಯ ಎರಡೂ ಅಂಚಿಗೆ ಕಿರೀಟದಂತೆ ಮುಳ್ಳಿನ ಸಾಲಿರುವುದರಿಂದ ತಿಳಿದವರು ತಮ್ಮನ್ನು ಕ್ರೆಸ್ಟೆಡ್ ಗೆಕೊ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಜುಟ್ಟಿನ ಹಲ್ಲಿಯಾಯಿತು. ತಮ್ಮ ಕುಲ ಭೂಮಿಯಿಂದ ಅಳಿದೇಹೋಯಿತೆಂದು ಬಹಳ ಕಾಲ ನಂಬಲಾಗಿತ್ತಂತೆ, ತೊಂಬತ್ತನಾಲ್ಕರಲ್ಲಿ ಮತ್ತೆ ಯಾರ ಕಣ್ಣಿಗೋ ಬಿತ್ತಂತೆ. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ಈಗ, ತಮ್ಮ ತಾಯ್ತನವನ್ನು ಎಂಟು ತಿಂಗಳು ಹತ್ತಿರದಿಂದ ಕಂಡ ಮೇಲೆ, ಕುಲ ಅಳಿದದ್ದರಲ್ಲಿ ನನಗೆ ಯಾವ ಸೋಜಿಗವೂ ಕಾಣುವುದಿಲ್ಲ. ಉಳಿದದ್ದು ಹೇಗೆ ಎಂಬುದೇ ಪ್ರಶ್ನೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಹೋದ ವರ್ಷ ದಸರೆ ಕಳೆದ ವಾರ. ನನ್ನ ಯಜಮಾನರಾದ ಗಿರೀಶ್ ಅವರ ಸ್ನೇಹಿತ ನಾಗಣ್ಣನವರು ಬೆಂಗಳೂರಿನಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದವರು, ಅದನ್ನು ಮುಚ್ಚಿ ತಮ್ಮೂರಾದ ಹೊಳಲ್ಕೆರೆಗೆ ಹಿಂದಿರುಗುವಾಗ ಮೀನುಗಳನ್ನೆಲ್ಲ ಹೇಗೋ ವಿಲೇವಾರಿ ಮಾಡಿ, ಯಾರೂ ಒಯ್ಯದ ತಮ್ಮನ್ನೂ ತಮ್ಮ ಜೊತೆಗಾರರನ್ನೂ ತೊಟ್ಟಿ ಸಮೇತ ನಮ್ಮಲ್ಲಿ ಇಳಿಸಿ ಹೋದರು. "ಎರಡೂ ಹೆಣ್ಣೇ ಕಣ್ರಿ ಮೇಡಂ. ಅಕ್ಕತಂಗೀರು ಇದ್ದಂಗೆ ಇರ್ತಾವೆ, ಮರಿಗಿರಿ ಅನ್ನೋ ರಗಳೆ ಇಲ್ಲ" ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಜನವರಿಯಲ್ಲಿ ಅಕ್ಕತಂಗಿಯರಲ್ಲಿ ಒಬ್ಬರಾದ ತಾವು ಎರಡು ಮೊಟ್ಟೆ ಇಟ್ಟಿರಿ. ನಾಗಣ್ಣನವರಿಗೆ ಫೋನು ಮಾಡಿದರೆ, "ಹಂಗಾದ್ರೆ ಇನ್ನೊಂದು ಗಂಡಿರಬೇಕು ಬಿಡ್ರಿ" ಎಂದು ಬಹಳ ಸಮಾಧಾನದಿಂದ ಒಪ್ಪಿಕೊಂಡರು. ಆ ಗಂಡನ್ನು ಅಂದೇ ಬೇರೆ ತೊಟ್ಟಿಗೆ ಹಾಕಿದೆವು. ಅವರು ಇಂದಿಗೂ ಅದೇ ಬೇರೆ ತೊಟ್ಟಿಯಲ್ಲಿ ಬಾಳೆಹಣ್ಣಿನ ಗೊಜ್ಜು ನೆಕ್ಕುತ್ತ ಆರಾಮವಾಗಿದ್ದಾರೆ. ತಾವು ಮಾತ್ರ ಅವರ ಮುಖ ನೋಡದೆಯೂ, ಹಳೆಯ ಭೇಟಿಯೊಂದನ್ನೇ ಒಳಗೆಲ್ಲೋ ಜೋಪಾನವಾಗಿ ಇಟ್ಟುಕೊಂಡು, ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಎರಡೆರಡರಂತೆ ಇಡುತ್ತಲೇ ಇದ್ದೀರಿ. ಇಷ್ಟು ಮಿತವ್ಯಯದ ದಾಂಪತ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊಟ್ಟೆಯಿಟ್ಟ ಮೇಲೆ ತಾವು ನಡೆದುಕೊಳ್ಳುವ ರೀತಿಯ ಬಗ್ಗೆ ನನ್ನ ಮನಸ್ಸಿನಲ್ಲಿ ಮೊದಲು ಗೌರವವೇ ಇತ್ತೆಂದು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಮಣ್ಣು ಕೆದರಿ, ಇಟ್ಟು, ಮುಚ್ಚಿ, ಕೈ ಝಾಡಿಸಿಕೊಂಡು ಮೇಲೆ ಹತ್ತಿಬಿಡುತ್ತೀರಿ. ಮರಿ ಉಂಡಿತೇ, ಮಲಗಿತೇ, ಇನ್ನೊಬ್ಬರ ಮರಿಗಿಂತ ತೂಕ ಕಡಿಮೆಯೇ ಎಂಬ ಯಾವ ವಿಚಾರವೂ ತಮ್ಮ ಬಳಿ ಸುಳಿಯುವುದಿಲ್ಲ. ನನ್ನ ಮಗಳು ಎರಡು ವರ್ಷದವಳಿದ್ದಾಗ ಒಂದೊಂದು ತುತ್ತಿಗೂ ಅಂಗಳದ ಸುತ್ತ ಓಡುತ್ತಿದ್ದ ನಾನು, ಕೊನೆಗೆ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋಗಿ ಅತ್ತವಳು. ಅತ್ತೆಯ ಕೈಯಲ್ಲಿ ಅವಳು ಐದು ನಿಮಿಷದಲ್ಲಿ ಉಂಡು ಮುಗಿಸಿದ್ದಳು. ಅಂಥವಳಿಗೆ ತಮ್ಮಂಥವರನ್ನು ಕಂಡರೆ ಅಸೂಯೆ ಹುಟ್ಟದೆ ಇನ್ನೇನು ಹುಟ್ಟೀತು?

ನನ್ನ ಅತ್ತೆಯ ಹೆಸರು ದೊಡ್ಡಕ್ಕ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ, ಅವರ ಒಡಹುಟ್ಟಿದ ತಮ್ಮನಾದ ಜುಂಜಪ್ಪನ ಮನೆಯ ಪಕ್ಕದಲ್ಲೇ ಅವರ ಮನೆ. ಜುಂಜಪ್ಪ ಮಾವನಿಗೆ ಕುರಿ, ಅತ್ತೆಗೆ ಕೋಳಿ. ತಮಗೆ ಕೋಳಿಯ ವಿಷಯ ತಿಳಿದಿರಲಾರದು. ಅದು ಮೊಟ್ಟೆಯಿಟ್ಟ ಮೇಲೆ ಅದರ ಮೇಲೆ ಇಪ್ಪತ್ತೊಂದು ದಿನ ಕೂರುವ, ತಮ್ಮ ದೃಷ್ಟಿಯಲ್ಲಿ ಸ್ವಲ್ಪ ಮಂದಬುದ್ಧಿಯ ಪಕ್ಷಿ. ಅದನ್ನು ಕಾವಿಗೆ ಕೂರಿಸುವುದೆಂದರೆ ನಮ್ಮ ಕಡೆ ಸಣ್ಣ ಕೆಲಸವಲ್ಲ. ಬುಟ್ಟಿಗೆ ಹುಲ್ಲು ಹಾಸಿ, ಒಂದು ಇದ್ದಲು, ಒಂದು ಕಬ್ಬಿಣದ ಚೂರು ಇಟ್ಟು, ಮೊಟ್ಟೆಗಳನ್ನು ಬೆಸಸಂಖ್ಯೆಯಲ್ಲೇ ಜೋಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಜೋಡಿಸುವವರ ಕೈಗುಣ ಚೆನ್ನಾಗಿರಬೇಕು. ಯಲ್ಲದಕೆರೆಯಲ್ಲಿ ಆ ಕೈ ದೊಡ್ಡಕ್ಕನದು. ಸುತ್ತಲಿನ ಹಟ್ಟಿಗಳಿಂದ ಹೆಂಗಸರು ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ನೀನೇ ಒಂದ್ ಕೈ ಇಕ್ಕು ದೊಡ್ಡಕ್ಕ" ಎಂದು ಕೂರುತ್ತಾರೆ. ಅವರು ಇಟ್ಟ ಬುಟ್ಟಿಯಲ್ಲಿ ಮೊಟ್ಟೆ ಕೊಳೆತದ್ದನ್ನು ಊರು ಕಂಡಿರಲಿಲ್ಲ. ವಿಧವೆಯಾಗಿ, ಮನೆಯ ಬೇರೆಲ್ಲ ಶುಭಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿಯಬೇಕಾದ ಅವರನ್ನು ಮುಂದಿನ ಸಾಲಿಗೆ ಕರೆದು ಕೂರಿಸುತ್ತಿದ್ದ ಕೆಲಸ ಅದೊಂದೇ. ಇದನ್ನು ನಾನು ಅರ್ಥಮಾಡಿಕೊಂಡದ್ದು ತಡವಾಗಿ, ಅದೂ ತಮ್ಮ ದಯೆಯಿಂದ.

ತಮ್ಮ ಜನವರಿಯ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು. ಫೆಬ್ರವರಿಯ ಎರಡು, ಮಾರ್ಚಿನ ಎರಡು, ಒಟ್ಟು ನಾಲ್ಕನ್ನು ನಾನು ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ತೆಂಗಿನ ನಾರಿನ ಒದ್ದೆ ಪುಡಿಯ ನಡುವೆ ಇರಿಸಿ, ಮೇಲ್ಮುಖಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಮನೆಯಲ್ಲೇ ತಣ್ಣನೆಯ ಜಾಗವಾದ ದೇವರ ಕೋಣೆಯ ಕಡಪ ಕಲ್ಲಿನ ಮೇಲೆ ಇಟ್ಟೆ. ತಮ್ಮ ಮೊಟ್ಟೆಗೆ ಕೋಳಿಮೊಟ್ಟೆಯ ಕಾವು ಆಗದು, ಅದು ಸುಟ್ಟ ಹಾಗೆ. ಕೋಳಿಮೊಟ್ಟೆಯನ್ನು ದಿನವೂ ಹೊರಳಿಸದಿದ್ದರೆ ಕೆಡುತ್ತದೆ, ತಮ್ಮದನ್ನು ಹೊರಳಿಸಿದರೆ ಕೆಡುತ್ತದೆ. ಹೀಗೆ ಎಲ್ಲದರಲ್ಲೂ ತದ್ವಿರುದ್ಧವಾಗಿ ಹುಟ್ಟುವ ಹಕ್ಕು ತಮಗಿದೆ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಡಬ್ಬಿಯ ಮುಚ್ಚಳಕ್ಕೆ ಕಾಗದ ಅಂಟಿಸಿ, ತಿರುಗಿಸಬಾರದು, ಕದಲಿಸಬಾರದು, ಬಿಸಿಗೆ ಇಡಬಾರದು ಎಂದು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ. ಬರೆದು, ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹತ್ತು ದಿನ ದಾವಣಗೆರೆಗೆ ಹೊರಟೆ. ಮನೆ ನೋಡಿಕೊಳ್ಳಲು ಅತ್ತೆ ಬಂದರು.

ಅತ್ತೆ ಒಬ್ಬರೇ ಬರಲಿಲ್ಲ. ಕೆಂಪು ಹೇಂಟೆಯೊಂದು ಹನ್ನೊಂದು ಮೊಟ್ಟೆಯ ಮೇಲೆ ಆಗಲೇ ಹತ್ತು ದಿನ ಕೂತಿತ್ತು, ಅದನ್ನು ಬಿಟ್ಟು ಬರುವ ಹಾಗಿರಲಿಲ್ಲ. ಬುಟ್ಟಿ, ಕೋಳಿ, ಮೊಟ್ಟೆ ಎಲ್ಲವನ್ನೂ ಸೀರೆಯ ಹರುಕಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಿರಿಯೂರಿನಿಂದ ಬಸ್ಸಿನಲ್ಲಿ ಬಂದರು. ನಮ್ಮ ಬಚ್ಚಲ ಪಕ್ಕದ ಮೂಲೆಯಲ್ಲಿ ಹೇಂಟೆಗೆ ಸ್ಥಾನವಾಯಿತು. ಮಾರನೆಯ ಬೆಳಿಗ್ಗೆ ದೇವರ ಕೋಣೆ ಸಾರಿಸಲು ಹೋದ ಅತ್ತೆ ಡಬ್ಬಿಯನ್ನು ತೆರೆದರು. ಒದ್ದೆ ಪುಡಿಯಲ್ಲಿ ಅರ್ಧ ಹುಗಿದ, ಯಾವ ಜೀವವೂ ಬಳಿಯಿಲ್ಲದ ನಾಲ್ಕು ಪುಟ್ಟ ಮೊಟ್ಟೆ. ತಾಯಿಯಾದ ತಾವು ಹತ್ತು ಹೆಜ್ಜೆ ದೂರದಲ್ಲಿ ಗಾಜಿಗೆ ಅಂಟಿಕೊಂಡಿದ್ದಿರಿ. ಹನ್ನೊಂದಕ್ಕೆ ನಾಲ್ಕು ಸೇರಿದರೆ ಹದಿನೈದು, ಅದೂ ಬೆಸವೇ. ಅವರು ಎರಡನೆಯ ಯೋಚನೆ ಮಾಡಲಿಲ್ಲ. ತಮ್ಮ ನಾಲ್ಕೂ ಮೊಟ್ಟೆಗಳನ್ನು ಅರಳೆಯಲ್ಲಿ ಸುತ್ತಿ, ಹೇಂಟೆಯ ರೆಕ್ಕೆಯ ಕೆಳಗೆ, ಎಲ್ಲಕ್ಕಿಂತ ಬೆಚ್ಚಗಿನ ಜಾಗ ನೋಡಿ ಇಟ್ಟರು. ಕೋಳಿಗೆ ಸಣ್ಣ ಮೊಟ್ಟೆ ಹೊರಳಿಸಲು ಆಗದೆಂದು ಹಗಲಿಗೆರಡು ಸಲ ಅತ್ತೆಯೇ ಒಂದೊಂದನ್ನೂ ಮೃದುವಾಗಿ ಹೊರಳಿಸಿದರು. ಒಂಬತ್ತು ದಿನ.

ನಾನು ಹಿಂದಿರುಗಿದ ದಿನವೇ ಹೇಂಟೆಯ ಹನ್ನೊಂದೂ ಮರಿಗಳು ಒಡೆದು ಹೊರಗೆ ಬಂದಿದ್ದವು. ಅತ್ತೆಯ ಮುಖ ಅರಳಿತ್ತು. "ನಿನ್ನವೂ ಇವತ್ತೋ ನಾಳೆಯೋ ಒಡೀತಾವೆ ನೋಡವ್ವ. ತಾಯಿ ಇಲ್ಲದ ಮೊಟ್ಟೆನ ಡಬ್ಬಿಯಾಗೆ ಹುಗಿದಿದ್ಯಲ್ಲ, ಅದೂ ದೇವ್ರ ಮುಂದೆ. ಹೆಣ ಏನು ಅವು?" ಎಂದು ಬುಟ್ಟಿಯನ್ನು ನನ್ನ ಮುಂದೆ ತಂದಿಟ್ಟರು. ಅರಳೆಯ ನಡುವೆ ತಮ್ಮ ನಾಲ್ಕು ಮೊಟ್ಟೆ, ಒಣಗಿಸಿದ ಬಾಳಕದ ಮೆಣಸಿನಕಾಯಿಯ ಹಾಗೆ ಕುಗ್ಗಿ ಹೋಗಿದ್ದವು.

ನಾನು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತೇನೋ, ಅವರೂ ತಿರುಗಿ ಕೂಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ತರಗತಿಯಲ್ಲಿ ತಪ್ಪು ಉತ್ತರ ಬರೆದವರಿಗೆ ಹೇಳುವ ಸ್ವರದಲ್ಲಿ, "ಅತ್ತೆ, ನೀವು ನಾಲ್ಕು ಮರಿಗಳನ್ನು ಬೇಯಿಸಿಬಿಟ್ಟಿರಿ" ಎಂದೆ. ನಂತರ, ಅದೇ ಸ್ವರದಲ್ಲಿ, ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತಲ್ಲ ಎಂದೂ ಸೇರಿಸಿದೆ. ಹೆಬ್ಬೆಟ್ಟು ಒತ್ತುವ ಹೆಂಗಸಿಗೆ. ಮಾನ್ಯರೇ, ತಾವು ಮಾತಾಡಲಾರದ ಜಾತಿ ಎಂಬುದು ಎಂಥ ವರವೆಂದು ನನಗೆ ಆ ಕ್ಷಣ ಹೊಳೆಯಬೇಕಿತ್ತು.

ಅತ್ತೆ ಸೀರೆಯ ಹರುಕನ್ನು ಮತ್ತೆ ಬುಟ್ಟಿಗೆ ಸುತ್ತಿದರು, ಮರಿಗಳನ್ನು ಒಳಗೆ ತುಂಬಿದರು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಹೊಸದುರ್ಗದ ಕಚೇರಿಯಿಂದ ಸಂಜೆ ಬಂದ ಗಿರೀಶ್, ವಿಷಯ ಕೇಳಿ, "ಹಲ್ಲಿ ಮೊಟ್ಟೆ ಅಲ್ವೇನೇ" ಎಂದಷ್ಟೇ ಹೇಳಿ ಟೀವಿ ಹಾಕಿದರು. ವಾರ ಕಳೆದ ಮೇಲೆ ಜುಂಜಪ್ಪ ಮಾವನ ಫೋನು ಬಂತು. "ಏನಮ್ಮ ಯಶೋದಾ, ಏನಂದೆ ನಮ್ಮಕ್ಕಂಗೆ? ಯತ್ತಪ್ಪನ ಹೆಂಡ್ತಿ ಓಬವ್ವ ಕೋಳಿ ಹಿಡ್ಕಂಡು ಬಂದ್ರೆ, ನನ್ನ ಕೈ ಸತ್ತೈತೆ, ಬ್ಯಾರೆ ಯಾರ್ತಾವನಾದ್ರೂ ಹೋಗು ಅಂದ್ಳಂತೆ. ತನ್ನ ಕೋಳೀನೂ ಮುಟ್ತಿಲ್ಲ. ಹನ್ನೊಂದು ಮರೀನೂ ನಾನೇ ಗೂಡಿಗೆ ಹಾಕ್ಬೇಕು. ನಾನು ಕುರಿ ಕಾಯೋನು ಕಣಮ್ಮ, ಅವು ನನ್ನ ಮಾತು ಕೇಳಲ್ಲ."

ಈ ಹಂತದಲ್ಲಿ ತಮ್ಮಿಂದ ನಾನು ಬಯಸಿದ್ದು ಹೆಚ್ಚೇನಲ್ಲ. ತಾವು ಒಂದು ದಿನ ಬಿಡುವು ಮಾಡಿಕೊಂಡು, ಹಿರಿಯೂರಿನ ಬಸ್ಸು ಹತ್ತಿ, ಯಲ್ಲದಕೆರೆಯ ಹೆಂಗಸರ ಮುಂದೆ ನಿಂತು, ಸದರಿ ನಾಲ್ಕು ಮೊಟ್ಟೆಗಳು ಕೆಟ್ಟದ್ದು ದೊಡ್ಡಕ್ಕನ ಕೈಯಿಂದಲ್ಲ, ಸೊಸೆಯ ಬಾಯಿಂದಲೂ ಅಲ್ಲ, ಅವುಗಳನ್ನು ಇಟ್ಟು ಬೆನ್ನು ತಿರುಗಿಸಿದ ನನ್ನಿಂದ ಎಂದು ಒಂದು ಹೇಳಿಕೆ ಕೊಡಬಹುದಿತ್ತು. ಹೇಳಿಕೆಗೆ ಸಹಿ ಮಾಡಲು ತೊಂದರೆಯಿದ್ದರೆ ಗೋಡೆ ಹತ್ತುವ ಆ ಅದ್ಭುತ ಪಾದದ ಗುರುತೂ ಸಾಕಾಗುತ್ತಿತ್ತು. ನಮ್ಮ ಅತ್ತೆ ಅಂಥ ಸಹಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಅದರ ಬದಲು ತಾವು ಮೇ ಎಂಟನೆಯ ತಾರೀಖು ಇನ್ನೆರಡು ಮೊಟ್ಟೆ ಇಟ್ಟಿರಿ.

ಒಂದು ತಗ್ಗಿ ಹೋಗಿತ್ತು. ಇನ್ನೊಂದು ದುಂಡಗೆ, ಬೆಳ್ಳಗೆ, ದೀಪದ ಮುಂದೆ ಹಿಡಿದರೆ ಒಳಗೆ ಕೆಂಪು ನೂಲಿನಂಥ ಗೆರೆಯೊಂದಿತ್ತು. ಕೋಟೆಯ ಬಂಡೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ಊರಿಗೆ ಹಿಂದಿರುಗಿಸುವ ದಿನಗಳವು. ದೇವರ ಕೋಣೆಯ ಕಲ್ಲೂ ಬೆಚ್ಚಗಾಗಿತ್ತು. ತಮ್ಮ ತೊಟ್ಟಿಗೆ ಒದ್ದೆ ಗೋಣಿಚೀಲ ಹೊದಿಸಿ ಫ್ಯಾನು ಹಾಕಿದ್ದೆನಾದರೂ ಕರೆಂಟು ಇದ್ದಾಗ ಮಾತ್ರ ಅದು ಫ್ಯಾನು. ನಾನು ಆ ಒಂದು ಮೊಟ್ಟೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಅಲುಗದಂತೆ ಎರಡೂ ಕೈಯಲ್ಲಿ ಸಮತಟ್ಟಾಗಿ ಹಿಡಿದು, ಯಲ್ಲದಕೆರೆಗೆ ಹೊರಟೆ. ಟಿಕೆಟ್ಟು ಕೊಡಲು ಬಂದ ಕಂಡಕ್ಟರು, "ಏನಕ್ಕ, ಒಳಗೆ ಬಾಂಬ್ ಐತಾ? ಹಂಗೆ ಹಿಡ್ಕಂಡಿದ್ದೀರಿ" ಎಂದರು. ಹಲ್ಲಿ ಮೊಟ್ಟೆ ಎಂದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳ ಕಷ್ಟ ನೋಡಿ: ಇಂಗ್ಲಿಷಿನಲ್ಲಿ ಅದು ಮೂರು ವಾಕ್ಯಗಳಲ್ಲಿ ಪೂರ್ತಿಯಾಗಿ, ಬಹಳ ಸೊಗಸಾಗಿ ಬರುತ್ತಿತ್ತು; ಕನ್ನಡಕ್ಕೆ ತಂದ ಕೂಡಲೇ ಯಾರೋ ಭಾಷಣ ಮಾಡಿದ ಹಾಗೆ ಕೇಳುತ್ತಿತ್ತು.

ಕೊನೆಗೆ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ತಪ್ಪು ನನ್ನದು ಅತ್ತೆ. ನಾನು ನಿಮಗೆ ಹೇಳಿಯೇ ಇರಲಿಲ್ಲ." ನಿಜವೇನೆಂದರೆ ನಾನು ಮರೆತಿರಲಿಲ್ಲ. ಗಿರೀಶ್‌ಗೆ, ಮಗಳಿಗೆ, ಸ್ಟಾಫ್ ರೂಮಿಗೆ, ಕೇಳದವರಿಗೂ ತಮ್ಮ ಮೊಟ್ಟೆಯ ವಿಷಯ ವಿವರಿಸಿದ್ದವಳು, ಹಲ್ಲಿ ಸಾಕುತ್ತಾಳೆ ಎಂದು ಅತ್ತೆ ನಕ್ಕಾರು ಎಂದು ಅವರೊಬ್ಬರಿಗೆ ಮಾತ್ರ ಹೇಳಿರಲಿಲ್ಲ. ಅತ್ತೆ ರಾಗಿ ಕೇರುತ್ತಿದ್ದ ಮೊರ ನಿಲ್ಲಿಸದೆ, "ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡು" ಎಂದರು. ಡಬ್ಬಿಯನ್ನು ಮುಟ್ಟಲು ಮಾತ್ರ ಒಪ್ಪಲಿಲ್ಲ. ಎಲ್ಲಿಡಲಿ ಎಂದು ಕೇಳಿದ್ದಕ್ಕೆ ಗಲ್ಲದಲ್ಲೇ ತೋರಿಸಿದರು. ಅಡುಗೆಮನೆಯ ಕತ್ತಲ ಮೂಲೆಯಲ್ಲಿ, ದಪ್ಪ ಮಣ್ಣಿನ ಗೋಡೆಗೆ ತಾಗಿ, ಒದ್ದೆ ಮರಳಿನ ಮೇಲೆ ಎರಡು ನೀರಿನ ಗಡಿಗೆ ಕೂತಿದ್ದವು. ಆ ಗಡಿಗೆಗಳ ನಡುವೆ ಮರಳಲ್ಲಿ ಡಬ್ಬಿ ಹೂತಿಟ್ಟು, ನನ್ನ ಥರ್ಮಾಮೀಟರು ಇಳಿಬಿಟ್ಟು ನೋಡಿದೆ: ಇಪ್ಪತ್ತೈದು ಡಿಗ್ರಿ. ಮೇ ತಿಂಗಳಲ್ಲಿ. ಪುಸ್ತಕದಲ್ಲಿ ಹೇಳಿದ ಉಷ್ಣತೆಗಾಗಿ ನಾನು ಮೂರು ತಿಂಗಳು ಚಿತ್ರದುರ್ಗವನ್ನೆಲ್ಲ ಜಾಲಾಡಿದ್ದೆ. ಅದು ಅತ್ತೆಯ ನೀರಿನ ಗಡಿಗೆಯ ಬುಡದಲ್ಲಿ ತಣ್ಣಗೆ ಕೂತಿತ್ತು.

ಎಪ್ಪತ್ತೈದು ದಿನ. ಅತ್ತೆ ಮರಳಿಗೆ ದಿನವೂ ನೀರು ಚಿಮುಕಿಸಿದರು, ಡಬ್ಬಿಯನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ. ಶಾಲೆ ತೆರೆದ ಮೇಲೆ ನಾನು ಶನಿವಾರ ಶನಿವಾರ ಹೋಗಿಬರುತ್ತಿದ್ದೆ. ಓಬವ್ವ ಬೇರೊಬ್ಬರ ಕೈಯಲ್ಲಿ ಕೂರಿಸಿದ ಬುಟ್ಟಿಯಲ್ಲಿ ಹದಿಮೂರಕ್ಕೆ ಆರು ಮಾತ್ರ ಒಡೆದವಂತೆ. ಅದನ್ನು ಹೇಳಲು ಬಂದಾಗಲೂ ಅತ್ತೆ, "ನನ್ನ ಕೈಯಾಗೆ ಅಷ್ಟೂ ಒಡೀತಿರಲಿಲ್ಲ ಹೋಗು" ಎಂದು ಕಳಿಸಿದರಂತೆ. ಜುಲೈ ಇಪ್ಪತ್ತೆರಡರ ಭಾನುವಾರ ತಮ್ಮ ಮರಿ ಹೊರಗೆ ಬಂತು. ಹುಣಸೆ ಬೀಜಕ್ಕೆ ಬಾಲ ಹಚ್ಚಿದಷ್ಟು ಗಾತ್ರ. ತಮ್ಮದೇ ಜುಟ್ಟು, ತಮ್ಮದೇ ಉದಾಸೀನ. ಅಂದೇ ಚರ್ಮ ಕಳಚಿ, ಕಳಚಿದ್ದನ್ನು ತಾನೇ ನುಂಗಿತು. ಮೊದಲ ನಾಲ್ಕೈದು ದಿನ ಬೇರೇನೂ ತಿನ್ನುವುದಿಲ್ಲವೆಂದು ನಾಗಣ್ಣನವರು ಹೇಳಿದ್ದರು, ಹಾಗೆಯೇ ಆಯಿತು. ಆರನೆಯ ದಿನವೂ ತಿನ್ನಲಿಲ್ಲ. ಏಳನೆಯ ದಿನವೂ.

ನಾನು ರಜೆ ಹಾಕಿ ಹೋಗಿ ಕೂತೆ. ಬಾಳೆಹಣ್ಣಿನ ಗೊಜ್ಜನ್ನು ಸೀಸೆಯ ಮುಚ್ಚಳದಲ್ಲಿ ಇಟ್ಟೆ. ಅದರ ಮೇಲೆ ನಡೆದುಕೊಂಡು ಹೋಯಿತು. ಹತ್ತಿಕಡ್ಡಿಯಿಂದ ಮೂತಿಗೆ ಹಚ್ಚಿದೆ, ತಲೆ ಕೊಡವಿತು. ಮರಿಯ ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದು ಎಂಬ ನಿಯಮದ ಪ್ರಕಾರ ಹಿತ್ತಲಲ್ಲಿ ಸ್ಕೇಲು ಹಿಡಿದು ಜೀರುಂಡೆ ಮರಿ ಹುಡುಕಿದೆ, ಜುಂಜಪ್ಪ ಮಾವ ಬೇಲಿಯಾಚೆ ನಿಂತು, "ಅಂಗಿಗೆ ಅಳತೆ ತಗಂತೀಯೇನಮ್ಮ?" ಎಂದು ಕೇಳಿದರು. ಹನ್ನೊಂದನೆಯ ದಿನ, ಆಗಸ್ಟ್ ಒಂದರ ಸಂಜೆ, ಮರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ನಾನು ಅದನ್ನು ಅಂಗೈಯಲ್ಲಿ ಹಿಡಿದು, ಬಾಯಿ ಬಿಡಿಸಲು ನೋಡಿದೆ. ಹೆದರಿ ಜಿಗಿಯಿತು. ಕೈಯಲ್ಲಿ ಬಾಲ ಉಳಿಯಿತು. ಅದು ಒಂದು ನಿಮಿಷ ತನ್ನಷ್ಟಕ್ಕೆ ಮಿಸುಕಿತು. ನಮ್ಮ ಗೋಡೆಯ ಹಲ್ಲಿಗಾದರೆ ಬಾಲ ಮತ್ತೆ ಬೆಳೆಯುತ್ತದೆ; ತಮ್ಮ ಕುಲಕ್ಕೆ ಎಂದಿಗೂ ಬೆಳೆಯದು ಎಂಬುದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದವಳೇ ನಾನು.

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ನನ್ನ ಅಂಗೈಯನ್ನು ನೋಡಿದರು, ಗಡಿಗೆಯ ಬದಿಗೆ ಅಂಟಿ ನಡುಗುತ್ತಿದ್ದ ಮೋಟು ಮರಿಯನ್ನು ನೋಡಿದರು. ಆಮೇಲೆ ಆ ಮರಿಗೇ ಹೇಳಿದರು: "ಮೊಟ್ಟೆ ಬೇಯಿಸೋ ಅತ್ತೆ, ಬಾಲ ಕೀಳೋ ಸೊಸೆ. ಒಳ್ಳೇ ಮನೆ ನೋಡ್ಕಂಡು ಹುಟ್ಟಿದ್ಯಲ್ಲೋ ಮಗನೆ." ಹೇಳಿ ನಕ್ಕರು. ಏಪ್ರಿಲ್‌ನಿಂದ ಅವರು ನಕ್ಕಿರಲಿಲ್ಲ. ನನಗೂ ನಗು ಬಂತು, ಅದರ ಜೊತೆಗೆ ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡೆ. ಅತ್ತೆ ಹಿತ್ತಲಿಗೆ ಹೋಗಿ, ಹುತ್ತದ ಬಳಿ ಮಗುಚಿ ಹಾಕಿದ್ದ ಮಡಕೆಯನ್ನು ತಂದರು. ಒಳಗೆ ಸಗಣಿ, ಹುಲ್ಲು, ಅದರ ತುಂಬ ಬಿಳಿ ಗೆದ್ದಲು. ಜುಂಜಪ್ಪ ಮಾವ ಕೋಳಿಮರಿಗಳಿಗೆಂದು ಹಾಕಿಟ್ಟಿದ್ದದ್ದು. ಮೆತ್ತಗಿನದೊಂದು ಗೆದ್ದಲನ್ನು ಆರಿಸಿ, ಕೋಳಿಗೆ ಹಾಕಲು ಒರಳಲ್ಲಿ ಕುಟ್ಟಿಟ್ಟಿದ್ದ ಮೊಟ್ಟೆಚಿಪ್ಪಿನ ಹಿಟ್ಟಿನಲ್ಲಿ ಒಂದು ಸಲ ಹೊರಳಿಸಿ, ಹೆಬ್ಬೆರಳ ಉಗುರಿನ ಮೇಲೆ ಇಟ್ಟುಕೊಂಡು, ಆ ಕೈಯನ್ನು ಗಡಿಗೆಗೆ ಒರಗಿಸಿ ಕೂತರು. ಮರಿಯ ಬಾಯಿಯ ಹತ್ತಿರ ಒಯ್ಯಲಿಲ್ಲ. ಕರೆಯಲೂ ಇಲ್ಲ. "ನೋಡು, ತುತ್ತು ಹಿಡ್ಕಂಡು ಓಡಬಾರದು, ಕುಂತ್ಕಬೇಕು" ಎಂದು ನನಗೆ ಮೆಲ್ಲಗೆ ಹೇಳಿದರು. ನನ್ನ ಮಗಳ ತಟ್ಟೆಯನ್ನು ಅವರ ಕೈಗೆ ಕೊಟ್ಟ ದಿನ ಈ ಮಾತು ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಸ್ವಲ್ಪ ಬಂತು.

ದೀಪ ಹಚ್ಚುವ ಹೊತ್ತಿಗೆ ಮರಿ ಎರಡು ಹೆಜ್ಜೆ ಇಟ್ಟು, ನಿಂತು, ಉಗುರಿನ ಮೇಲಿನದನ್ನು ತಟ್ಟನೆ ಹಿಡಿಯಿತು. ಎರಡನೆಯದನ್ನೂ ಹಿಡಿಯಿತು. ಐದನೆಯದಕ್ಕೆ ಅದು ಹೆಬ್ಬೆರಳ ಮೇಲೆಯೇ ಹತ್ತಿ ಕೂತಿತ್ತು. ಅತ್ತೆ ಆ ಕೈಯನ್ನು ದೀ­ಪದ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ, ಮರಿಯನ್ನಲ್ಲ, ಕೈಯನ್ನೇ ನೋಡಿಕೊಂಡರು. ಮಾರನೆಯ ಬೆಳಿಗ್ಗೆ ಓಬವ್ವ ಕೋಳಿ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು. ಯಾರು ಸುದ್ದಿ ಮುಟ್ಟಿಸಿದರೋ ನನಗೆ ತಿಳಿಯದು, ಜುಂಜಪ್ಪ ಮಾವ ಮಾತ್ರ ಆ ಹೊತ್ತಿಗೇ ಕುರಿ ಹೊಡೆದುಕೊಂಡು ಹೋಗಿಬಿಟ್ಟಿದ್ದರು. ಅತ್ತೆ ಕೈ ತೊಳೆದುಕೊಂಡು ಬಂದು, "ಎಷ್ಟವೆ ಮೊಟ್ಟೆ? ಹದಿನಾಲ್ಕಾ? ಒಂದು ತೆಗೆದು ಸಾರಿಗೆ ಹಾಕು" ಎಂದು ಬುಟ್ಟಿ ಎಳೆದುಕೊಂಡರು.

ಮಾನ್ಯರೇ, ದೂರು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದು ಮಧ್ಯಾಹ್ನ ನಾನು ಮರಿಯನ್ನು ಚಿತ್ರದುರ್ಗಕ್ಕೆ ತರಲು ಡಬ್ಬಿ ಸಿದ್ಧಮಾಡಿಕೊಂಡಾಗ ಅತ್ತೆ ಬುಟ್ಟಿಯಿಂದ ತಲೆಯೆತ್ತದೆಯೇ ಕೇಳಿದರು: "ಅಲ್ಲಿ ಯಾರು ತಿನ್ನುಸ್ತಾರೆ? ನೀನು ಇಸ್ಕೂಲಿಗೆ ಹೋಗ್ತೀಯ. ಅದ್ರವ್ವ ಗಾಜಿಗೆ ಅಂಟ್ಕಂಡಿರ್ತಾಳೆ. ಇಲ್ಲೇ ಇರ್ಲಿ." ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದೆ. ಏಳು ತಿಂಗಳು ನಾನು ಕಾಯ್ದದ್ದು ಮರಿಗಾಗಿಯೋ, ಅದನ್ನು ಉಳಿಸಿದವಳು ನಾನು ಎನ್ನಿಸಿಕೊಳ್ಳುವುದಕ್ಕೋ ಎಂದು ಹಿಂದಿರುಗುವ ಬಸ್ಸಿನಲ್ಲಿ ಕೇಳಿಕೊಂಡೆ. ಆ ಉತ್ತರವೂ ನನ್ನ ಪರವಾಗಿರಲಿಲ್ಲ. ಮರಿ ಅಲ್ಲೇ ಇದೆ, ದಿನಕ್ಕೆ ಆರು ಗೆದ್ದಲು ತಿನ್ನುತ್ತದೆ, ಮೋಟು ಎಂದು ಕರೆದರೆ ತಿರುಗಿಯೂ ನೋಡುವುದಿಲ್ಲ. ಹೀಗಾಗಿ ಈ ನಡುಮನೆಯಲ್ಲಿ ಈಗ ಉಳಿದವರು ತಾವು ಮತ್ತು ನಾನು: ತಂತಮ್ಮ ಮರಿ ದೊಡ್ಡಕ್ಕನ ಕೈಯಲ್ಲೇ ಉಂಡಿತು ಎಂದು ತಿಳಿದಿರುವ ಇಬ್ಬರು ಹೆಂಗಸರು. ವ್ಯತ್ಯಾಸವಿಷ್ಟೇ, ತಮಗೆ ಅದರಿಂದ ನಿದ್ದೆ ಕೆಡುವುದಿಲ್ಲ. ಆ ವಿದ್ಯೆಯನ್ನು ದಯವಿಟ್ಟು, ಮುಂದಿನ ಜೀರುಂಡೆಯನ್ನು ನುಂಗುವ ಮೊದಲು, ನನಗೂ ಸ್ವಲ್ಪ ಹೇಳಿಕೊಡಬೇಕೆಂದು ಕೋರುತ್ತೇನೆ.

ಜೀರುಂಡೆ ಹಿಡಿಯುವುದನ್ನು ಇನ್ನೂ ಬಿಡದ,
ತಮ್ಮ ವಿಶ್ವಾಸಿ,
ಯಶೋದಾ

ಮರುಟಿಪ್ಪಣಿ: ಮುಂದಿನ ಸೋಮವಾರ ದೊಡ್ಡಕ್ಕನವರು ಖುದ್ದಾಗಿ ಬರುತ್ತಿದ್ದಾರೆ. "ಎಂಥಾ ತಾಯಿ ಅಂತ ಒಂದ್ಸಲ ಎದುರಾಬದುರು ಕುಂತು ಕೇಳ್ತೀನಿ" ಎಂದಿದ್ದಾರೆ. ಅವರು ಮಾತಾಡುವಾಗ ತಾವು ರೂಢಿಯಂತೆ ನಾಲಿಗೆ ಚಾಚಿ ಸ್ವಂತ ಕಣ್ಣನ್ನು ನೆಕ್ಕಿಕೊಳ್ಳಬಾರದಾಗಿ ವಿನಂತಿ. ತಮಗೆ ರೆಪ್ಪೆಯೇ ಇಲ್ಲ, ಆದ್ದರಿಂದ ನಾಚಿ ಕಣ್ಣು ಮುಚ್ಚಲು ಬರುವುದಿಲ್ಲ ಎಂದು ನಾನು ಅವರಿಗೆ ವೈಜ್ಞಾನಿಕವಾಗಿ ವಿವರಿಸಿದ್ದೇನೆ. "ರೆಪ್ಪೆ ಇರೋರು ಏನು ಮುಚ್ಕಂಡ್ರವ್ವ?" ಎಂದು ನನ್ನನ್ನೇ ಕೇಳಿದರು.